ನಮ್ಮೂರ ಸಾಕ್ಷಿಗಳ ರಕ್ಷಣೆ

ಶಿವಮೊಗ್ಗೆಯಲ್ಲಿ ತುಂಗೆಯ ದಡಕ್ಕೆ ಸಮೀಪವಾಗಿ, ಹಳೆಯ ಕೋಟೆಯ ಭಾಗದಲ್ಲಿ ನಿಂತಿರುವ ಶಿವಪ್ಪನಾಯಕನ ಅರಮನೆಯನ್ನು ಹೊರಗಿನಿಂದ ಕಾಣದ ಪುರವಾಸಿಗಳು ಬಹುಶಃ ಇರಲಾರರು. ಆದರೆ ಅದರ ಒಳಗೆ ಕಾಲಿಟ್ಟು, ದರ್ಬಾರು ಸಭಾಂಗಣದ ದಪ್ಪನೆಯ ಮರದ ಕಂಬಗಳನ್ನೂ, ಅವುಗಳ ನಡುವಣ ಕಮಾನುಗಳನ್ನೂ, ಇಕ್ಕೆಲದ ಮೇಲುಪ್ಪರಿಗೆಯಿಂದ ಸಭೆಯ ಕಡೆಗೆ ಚಾಚಿರುವ ಮೊಗಸಾಲೆಗಳನ್ನೂ ನಿಧಾನವಾಗಿ ನೋಡಿದವರೆಷ್ಟು ಮಂದಿ ಎಂದು ಕೇಳಿದರೆ, ಉತ್ತರ ಹೇಳಲು ನಮಗೆ ಸಂಕೋಚವಾಗುತ್ತದೆ. ಪರಸ್ಥಳದ ನಂಟರು ಬಂದಾಗ ಅವರನ್ನು ಜೋಗಕ್ಕೆ ಕರೆದೊಯ್ಯುವ ನಾವು, ಮನೆಯಿಂದ ಕಾಲ್ನಡೆಯಲ್ಲಿ ತಲುಪಬಹುದಾದ ಈ ಸ್ಥಳವನ್ನು ಮರೆಯುತ್ತೇವೆ. ಸರ್ಕಾರದವರು ಅಲ್ಲಿ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿ, ಸುತ್ತಲಿನ ಸೀಮೆಯ ವೀರಗಲ್ಲುಗಳನ್ನೂ ಮುರಿದ ವಿಗ್ರಹಗಳನ್ನೂ ತಂದಿರಿಸಿದ್ದಾರೆ. ಆ ಕಲ್ಲುಗಳು ಅಲ್ಲಿ ನೋಡುವವರಿಗಾಗಿ ಕಾದಿವೆ.

ಈ ಅರಮನೆಯ ವಿಷಯದಲ್ಲಿ ಒಂದು ಸಂಗತಿಯನ್ನು ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕಾಗಿದೆ. ಜನವಾಡಿಕೆಯು ಇದನ್ನು ೧೬೪೫ರಿಂದ ೧೬೬೦ರವರೆಗೆ ಕೆಳದಿಯ ರಾಜ್ಯವನ್ನಾಳಿದ ಶಿವಪ್ಪನಾಯಕನ ಹೆಸರಿನಿಂದಲೇ ಕರೆಯುತ್ತದೆ. ಕಟ್ಟಡದ ಶೈಲಿಯನ್ನು ಪರಿಶೀಲಿಸಿದ ಜಾರ್ಜ್ ಮಿಚೆಲ್ ಮೊದಲಾದ ಪಂಡಿತರು, ಇದು ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಕಾಲದಲ್ಲಿ ಎದ್ದುದೆಂದು ಹೇಳುತ್ತಾರೆ. ೧೭೬೩ರಲ್ಲಿ ಬಿದನೂರು ಹೈದರನ ವಶವಾದ ಬಳಿಕ ಈ ಸೀಮೆಯ ಒಡೆತನವು ಬದಲಾದುದು ನಿಜವಷ್ಟೆ. ಇದನ್ನು ಕೇಳಿ ಕೆಲವರಿಗೆ ಅಸಮಾಧಾನವಾಗುವುದುಂಟು. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಕಾರಣವಿಲ್ಲ. ಕಟ್ಟಿಸಿದವನು ಯಾವನಾದರೂ ಆಗಲಿ, ಕಂಬವನ್ನು ಕಡೆದ ಬಡಗಿ ಈ ಮಲೆನಾಡಿನವನು. ಮರವು ಈ ಕಾಡಿನದು. ಭೂಮಿಯನ್ನು ಅಳೆಯಿಸಿ, ಬೆಳೆಯ ಹುಟ್ಟುವಳಿಯನ್ನು ನೋಡಿ, ಕಂದಾಯವನ್ನು ಗೊತ್ತುಮಾಡಿದ ‘ಶಿಸ್ತು’ ಎಂಬ ಏರ್ಪಾಡಿನಿಂದ ಶಿವಪ್ಪನಾಯಕನ ಕೀರ್ತಿ ಸ್ಥಿರವಾಗಿದೆ. ಒಂದು ಕಟ್ಟಡದ ಕಾಲನಿರ್ಣಯದಿಂದ ಅದು ಕುಂದುವುದಿಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯು ನಮಗೆ ಪ್ರಿಯವಾದುದನ್ನೇ ನುಡಿಯಬೇಕೆಂಬ ನಿಯಮವಿಲ್ಲ. ಅದು ಬದುಕಿದ್ದು, ಪರೀಕ್ಷೆಗೆ ಒದಗಿ ಬರಬೇಕು, ಅಷ್ಟೆ. ಅರಮನೆಯೇ ಬಿದ್ದುಹೋದರೆ ವಾದವೂ ಇಲ್ಲ, ನಿರ್ಣಯವೂ ಇಲ್ಲ.

ಕನ್ನಡಿಗರಿಗಂತೂ ಹಳೆಯ ಕಲ್ಲುಗಳ ಋಣ ಸಾಮಾನ್ಯವಾದುದಲ್ಲ. ಆಲೂರು ವೆಂಕಟರಾಯರು ೧೯೦೫ರಲ್ಲಿ ಆನೆಗೊಂದಿ–ಹಂಪೆಗಳ ಹಾಳನ್ನು ಕಂಡು ಬಂದ ಮೇಲೆ ಅವರ ಹೃದಯದಲ್ಲಿ ಹೊತ್ತಿದ ಕಿಚ್ಚು, ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವಾಗಿ ಹೊರಬಂದಿತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಜನಕ್ಕೆ, ನಾವು ಒಂದೇ ಎಂಬ ಮಾತನ್ನು ಮೊದಲು ಹೇಳಿದವು ಶಾಸನಗಳು, ದೇವಾಲಯಗಳು, ಮುರಿದ ಕೋಟೆಗಳು. ೧೯೫೬ರ ನವೆಂಬರ್ ೧ರಂದು ಪ್ರಾಂತವು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ದಾವಾ ಗೆದ್ದ ಮೇಲೆ ದಸ್ತಾವೇಜುಗಳನ್ನು ಅಟ್ಟದ ಮೇಲೆ ಎಸೆದು ಗೆದ್ದಲಿಗೆ ಒಪ್ಪಿಸುವ ಕಕ್ಷಿಗಾರನಂತೆ ನಾವೀಗ ವರ್ತಿಸುತ್ತಿದ್ದೇವೆಯೇ ಎಂಬುದೇ ನಮ್ಮ ಚಿಂತೆ. ಶಿವಪ್ಪನಾಯಕನು ಕಟ್ಟಿಸಿದನೆಂದು ಪ್ರಸಿದ್ಧವಾದ ಬೇಕಲದ ಕೋಟೆಯು ಕಾಸರಗೋಡಿನೊಡನೆ ೧೯೫೬ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿ ಅದನ್ನು ರಕ್ಷಿಸಿ, ದೇಶ ವಿದೇಶಗಳ ಪ್ರವಾಸಿಗಳನ್ನು ಬರಮಾಡಿಕೊಳ್ಳುತ್ತಿದ್ದಾರೆ. ಕೈತಪ್ಪಿದ ಕೋಟೆಗಾಗಿ ಮರುಗುವ ನಾವು, ಕೈಯಲ್ಲಿರುವ ಊರಿನ ಕೋಟೆಗೋಡೆಯ ಅವಶೇಷಕ್ಕೆ ಮಾಡಿದ್ದೇನು?

ಇನ್ನು ಭದ್ರಾವತಿಯ ಕಡೆಗೆ ದೃಷ್ಟಿಯನ್ನು ತಿರುಗಿಸೋಣ. ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರು ಗರ್ಭಗುಡಿಗಳುಳ್ಳ ಈ ತ್ರಿಕೂಟವು ರಕ್ಷಿತ ಸ್ಮಾರಕವಾಗಿರುವುದರಿಂದ ಕಾಯಿದೆಯ ನೆರಳು ಅದಕ್ಕೆ ಉಂಟು. ಬೇಲೂರು, ಹಳೆಬೀಡು, ಸೋಮನಾಥಪುರಗಳ ಗುಡಿಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲ ಸಂತೋಷಪಟ್ಟಿತು. ಅದೇ ಕುಲದ ಈ ಸೋದರಿಯು ಭದ್ರೆಯ ತೀರದಲ್ಲಿ ಸದ್ದಿಲ್ಲದೆ ನಿಂತಿದೆ. ಅದನ್ನು ಕುರಿತು ಹೆಚ್ಚು ಬರೆಯಬೇಕಾದುದಿಲ್ಲ; ಭಕ್ತರೂ ಇಲಾಖೆಯೂ ಅದನ್ನು ನೋಡಿಕೊಳ್ಳುತ್ತಾರೆ.

ನಮ್ಮ ಭಯವಿರುವುದು ಭದ್ರಾವತಿಯ ಇನ್ನೊಂದು ಸ್ಮಾರಕದ ವಿಷಯದಲ್ಲಿ. ಅದಕ್ಕೆ ಶಿಖರವಿಲ್ಲ, ಚಿಮಣಿಯುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ೧೯೧೮ರಲ್ಲಿ ತಳಹದಿಯನ್ನು ಕಂಡು, ೧೯೨೩ರಲ್ಲಿ ಕಬ್ಬಿಣವನ್ನು ಹೊರತಂದ ಮೈಸೂರು ಕಬ್ಬಿಣದ ಕಾರ್ಖಾನೆಯೇ ಅದು. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿದು ಬರುತ್ತಿತ್ತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲದಿದ್ದುದರಿಂದ, ಸುತ್ತಣ ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲೇ ಊದುಕುಲುಮೆಗೆ ಆಹಾರವಾಯಿತು. ಆ ಸೌದೆಯನ್ನು ಬಟ್ಟಿಯಿಳಿಸಿ ಉಪಯುಕ್ತ ದ್ರವ್ಯಗಳನ್ನು ತೆಗೆಯುವ ಶಾಖೆಯೂ ಜೊತೆಯಲ್ಲಿಯೇ ನಡೆಯಿತು. ಪರರಾಜ್ಯಭಾರದ ಆ ದಿನಗಳಲ್ಲಿ, ಹಿಂದೂಸ್ಥಾನದವರಿಗೆ ಯಂತ್ರವಿದ್ಯೆ ಒಗ್ಗದೆಂದು ಹೇಳುತ್ತಿದ್ದವರಿಗೆ ಕನ್ನಡ ನಾಡು ಕೊಟ್ಟ ಉತ್ತರವಿದು. ಗಾಂಧೀಜಿಯವರು ೧೯೨೭ರ ಮೈಸೂರು ಪ್ರವಾಸದಲ್ಲಿ ಶಿವಮೊಗ್ಗೆಗೂ ಭದ್ರಾವತಿಗೂ ಬಂದಿದ್ದರೆಂಬುದನ್ನು ಇಂದಿನ ಬಾಲಕರು ತಿಳಿದಿರಬೇಕು.

ಆ ಕಾರ್ಖಾನೆಯ ಮುಂದಿನ ಕಥೆ ಏರಿಳಿತಗಳದು. ೧೯೭೬ರಲ್ಲಿ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಾಯಿತು. ೧೯೮೯ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಅಧೀನವಾಗಿ, ೧೯೯೮ರಲ್ಲಿ ಪ್ರಾಧಿಕಾರದಲ್ಲಿಯೇ ವಿಲೀನವಾಯಿತು. ೨೦೨೩ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದು, ಕಾರ್ಮಿಕರು ದೀರ್ಘಕಾಲ ಸತ್ಯಾಗ್ರಹ ಹೂಡಿದ ಮೇಲೆ ಆಗಸ್ಟ್ ತಿಂಗಳಲ್ಲಿ ಒಂದು ಶಾಖೆಯ ಕೆಲಸವು ಮತ್ತೆ ಆರಂಭವಾಯಿತು. ನೆರೆಯ ಕಾಗದದ ಕಾರ್ಖಾನೆಗೆ ಅಷ್ಟು ಭಾಗ್ಯವೂ ಇರಲಿಲ್ಲ. ೧೯೩೬ರಲ್ಲಿ ಸ್ಥಾಪಿತವಾಗಿ, ನಾಡಿನ ಶಾಲಾಪುಸ್ತಕಗಳಿಗೂ ಪತ್ರಿಕೆಗಳಿಗೂ ಕಾಗದವನ್ನೊದಗಿಸಿದ ಅದು ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಯಂತ್ರಗಳು ನಿಂತ ಆವರಣದಲ್ಲಿ ಮೊದಲು ಕಳೆ ಬೆಳೆಯುತ್ತದೆ, ಆಮೇಲೆ ಗುಜರಿಯವನು ಬರುತ್ತಾನೆ. ಕಲ್ಲಿನ ಗುಡಿ ಹಾಳಾಗಲು ನೂರಾರು ವರುಷ ಬೇಕು. ಕಬ್ಬಿಣದ ಕುಲುಮೆಯನ್ನು ಕತ್ತರಿಸಿ ತೂಕಕ್ಕೆ ಹಾಕಲು ಒಂದು ಹರಾಜು ಸಾಕು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. “ಕೆಲಸ ಕಳೆದುಕೊಂಡವನಿಗೆ ಸ್ಮಾರಕದಿಂದ ಹೊಟ್ಟೆ ತುಂಬೀತೇ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಕಾರ್ಖಾನೆ ನಡೆಯುವುದೇ ಅದರ ಅತ್ಯುತ್ತಮ ರಕ್ಷಣೆ. ನಡೆಯುವ ಕುಲುಮೆಯನ್ನು ನಿಲ್ಲಿಸಿ ಪ್ರದರ್ಶನಕ್ಕಿಡಿರೆಂದು ನಾವು ಹೇಳುವುದಿಲ್ಲ. ಕಾರ್ಖಾನೆಗಾಗಿ ಕಾಡು ಕರಗಿದುದನ್ನೂ ಮರೆಮಾಚುವುದಿಲ್ಲ. ಆ ಲೆಕ್ಕವೂ ಚರಿತ್ರೆಯ ಭಾಗವೇ. ಆದರೆ ಉಪಯೋಗಕ್ಕೆ ಬಾರದೆಂದು ತೀರ್ಮಾನವಾದ ಹಳೆಯ ಕುಲುಮೆ, ಯಂತ್ರಶಾಲೆ, ನಕ್ಷೆ, ದಿನಚರಿ ಪುಸ್ತಕಗಳ ಗತಿಯೇನು? ಜರ್ಮನಿಯ ಫೋಲ್ಕ್ಲಿಂಗನ್ ಪಟ್ಟಣದಲ್ಲಿ ೧೮೭೩ರಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ ೧೯೮೬ರಲ್ಲಿ ನಿಂತಿತು. ಅಲ್ಲಿಯವರು ಅದನ್ನು ಗುಜರಿಗೆ ಮಾರದೆ ಕುಲುಮೆಗಳೊಡನೆ ಉಳಿಸಿಕೊಂಡರು. ೧೯೯೪ರಲ್ಲಿ ಅದು ವಿಶ್ವಪರಂಪರೆಯ ಸ್ಥಾನವನ್ನು ಪಡೆಯಿತು. ಅವರು ಮಾಡಿದ್ದನ್ನು ಮಾಡಲು ನಮಗೆ ಬೇಕಾದುದು ಹಣಕ್ಕಿಂತ ಮೊದಲು ಮನಸ್ಸು.

ಕಾಯಿದೆ ಇದೆಯಲ್ಲ ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು. ೧೯೫೮ರ ಕೇಂದ್ರದ ಕಾಯಿದೆಯೂ ೧೯೬೧ರ ನಮ್ಮ ರಾಜ್ಯದ ಕಾಯಿದೆಯೂ ಪಟ್ಟಿಗೆ ಸೇರಿದ ಸ್ಮಾರಕವನ್ನು ಕಾಯುತ್ತವೆ. ಪಟ್ಟಿಗೆ ಸೇರದ ಹಳೆಯ ಪಾಠಶಾಲೆ, ಕಚೇರಿ, ಛತ್ರ, ಸೇತುವೆ, ಜಗಲಿಯ ಮನೆ, ಹೊಲದ ಬದುವಿನ ವೀರಗಲ್ಲು — ಇವುಗಳಿಗೆ ನೆರೆಹೊರೆಯವರ ಕಣ್ಣೇ ಕಾವಲು. ಆ ಕಣ್ಣು ಮುಚ್ಚಿದಾಗ ಏನಾಗುತ್ತದೆಂಬುದನ್ನು ಮೈಸೂರು ತೋರಿಸಿತು. ೨೦೧೨ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರ ಪ್ರಾಣ ಹೋಯಿತು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ದುರಸ್ತಿಯನ್ನು ಮುಂದೂಡಿ ಮುಂದೂಡಿ, ಕೊನೆಗೆ ‘ಅಪಾಯಕರ’ವೆಂದು ಕೆಡವುವುದು ನಮ್ಮ ಊರುಗಳಲ್ಲಿ ರೂಢಿಯಾಗಿದೆ. ಬೆಂಗಳೂರಿನ ಅಠಾರಾ ಕಚೇರಿಯನ್ನೂ ೧೯೮೦ರ ದಶಕದಲ್ಲಿ ಹೀಗೆಯೇ ಕೆಡವಲು ಹೊರಟಿದ್ದರು. ನಾಗರಿಕರು ಎಚ್ಚೆತ್ತು ಹೋರಾಡಿದರು. ಉಚ್ಚ ನ್ಯಾಯಾಲಯವು ಇಂದಿಗೂ ಆ ಕೆಂಪು ಕಟ್ಟಡದಲ್ಲಿದೆ.

ಆದಕಾರಣ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಶಿವಮೊಗ್ಗೆಯ ಮಹಾನಗರ ಪಾಲಿಕೆಯೂ ಭದ್ರಾವತಿಯ ನಗರಸಭೆಯೂ ತಮ್ಮ ತಮ್ಮ ವಾರ್ಡುಗಳ ಹಳೆಯ ಕಟ್ಟಡಗಳ, ಶಾಸನಗಳ, ವೀರಗಲ್ಲುಗಳ ಪಟ್ಟಿಯನ್ನು ಭಾವಚಿತ್ರ ಸಹಿತ ತಯಾರಿಸಿ, ಕನ್ನಡದಲ್ಲಿ ಪ್ರಕಟಿಸಬೇಕು. ಪಟ್ಟಿಯಲ್ಲಿರುವುದನ್ನು ಕೆಡವುವ ಮುನ್ನ ಸಾರ್ವಜನಿಕ ಪ್ರಕಟಣೆ ಹೊರಡಬೇಕು. ಎರಡನೆಯದಾಗಿ, ಹಳೆಯ ಮನೆಯನ್ನು ಉಳಿಸುವ ಬಡ ಗೃಹಸ್ಥನ ಮೇಲೆ ನಿರ್ಬಂಧವನ್ನು ಮಾತ್ರ ಹೇರುವುದು ಅನ್ಯಾಯ. ಅವನಿಗೆ ಮನೆಕಂದಾಯದಲ್ಲಿ ರಿಯಾಯಿತಿಯನ್ನೂ ದುರಸ್ತಿಗೆ ನೆರವನ್ನೂ ಕೊಡಬೇಕು. ಮೂರನೆಯದಾಗಿ, ದುರಸ್ತಿ ಎಂದರೆ ಸಿಮೆಂಟು ಬಳಿಯುವುದಲ್ಲ. ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ; ಅದಕ್ಕೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಗೋಡೆ ಕೊಳೆಯುತ್ತದೆ. ಗಾರೆಯ ಕೆಲಸವನ್ನು ಬಲ್ಲ ವೃದ್ಧರು ಇನ್ನೂ ಇರುವಾಗಲೇ ನಾಲ್ಕು ಜನ ಯುವಕರಿಗೆ ಆ ವಿದ್ಯೆ ದಾಟಬೇಕು. ನಾಲ್ಕನೆಯದಾಗಿ, ಭದ್ರಾವತಿಯ ಕಾರ್ಖಾನೆಗಳ ಹಳೆಯ ದಾಖಲೆಗಳಿಗೂ ಯಂತ್ರಗಳಿಗೂ ಒಂದು ಸಂಗ್ರಹಾಲಯ ಆ ಊರಿನಲ್ಲಿಯೇ ಆಗಬೇಕು. ಅದರಲ್ಲಿ ದಿವಾನರ ಭಾವಚಿತ್ರದ ಪಕ್ಕದಲ್ಲಿ ಕುಲುಮೆಯ ಮುಂದೆ ಬೆವರಿದ ಕೂಲಿಯವನ ಹೆಸರೂ ಇರಬೇಕು.

ಉಪಾಧ್ಯಾಯರಲ್ಲಿ ನಮ್ಮ ವಿಶೇಷ ಬಿನ್ನಹವಿದೆ. ಬಿ. ಎಲ್. ರೈಸರು ನೂರಿಪ್ಪತ್ತು ವರುಷಗಳ ಹಿಂದೆ ಶಿವಮೊಗ್ಗೆ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳನ್ನೇ ತುಂಬಿಸಿದರು. ಅವರು ಓದಿದ ಕಲ್ಲು ಇಂದು ನಿಮ್ಮ ಗ್ರಾಮದಲ್ಲಿ ಎಲ್ಲಿದೆ, ನಿಂತಿದೆಯೇ, ಬಟ್ಟೆ ಒಗೆಯುವ ಕಲ್ಲಾಗಿದೆಯೇ ಎಂಬುದನ್ನು ಹುಡುಕಿ ಬರೆಯುವ ಕೆಲಸವನ್ನು ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಕೊಡಿರಿ. ಭದ್ರಾವತಿಯ ಶಾಲೆಗಳವರು ತಮ್ಮ ಅಜ್ಜಂದಿರನ್ನು ಕೇಳಿ, ಕಾರ್ಖಾನೆಯ ಕೂಗು ಊರಿಗೆ ಗಡಿಯಾರವಾಗಿದ್ದ ದಿನಗಳ ವೃತ್ತಾಂತವನ್ನು ಬರೆದಿಡಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿಲ್ಲ.

ತುಂಗೆಯೂ ಭದ್ರೆಯೂ ಬೇರೆ ಬೇರೆ ಊರುಗಳನ್ನು ಬಳಸಿ ಹರಿದರೂ ಕೂಡಲಿಯಲ್ಲಿ ಒಂದೇ ನದಿಯಾಗುತ್ತವೆ. ಅರಮನೆಯ ಚರಿತ್ರೆಯೂ ಕುಲುಮೆಯ ಚರಿತ್ರೆಯೂ ಹಾಗೆಯೇ ಒಂದೇ ಜನದ ಚರಿತ್ರೆ. ಏಕೀಕರಣಕ್ಕಾಗಿ ದುಡಿದ ಹಿರಿಯರು ನಮಗೆ ಒಂದು ನಾಡನ್ನು ಗಳಿಸಿಕೊಟ್ಟರು. ಅದು ನಮ್ಮದೆಂಬುದಕ್ಕೆ ಇರುವ ಸಾಕ್ಷಿಗಳನ್ನು ಕಾಯುವುದು ನಮ್ಮ ಸರದಿ. ಮುಂದಿನ ಭಾನುವಾರ ಮಕ್ಕಳ ಕೈಹಿಡಿದು ಅರಮನೆಯ ಬಾಗಿಲವರೆಗೆ ಹೋಗಿ ಬರುವುದರಿಂದಲೇ ಈ ಕಾರ್ಯವನ್ನು ಮೊದಲುಮಾಡಬಹುದೆಂದು ಪುರಜನರಲ್ಲಿ ನಿವೇದಿಸುತ್ತೇವೆ.