ಹೆಸರಿನ ಎರಡು ಮನೆಗಳು

ನಮ್ಮ ಸೋದರತ್ತೆಯವರಿಗೆ ಕಳೆದ ವರ್ಷ ಒದಗಿದ ತೊಂದರೆಯೊಂದನ್ನು ಹೇಳಿ ಈ ತಿಂಗಳ ವಿಷಯವನ್ನು ಪ್ರಾರಂಭಿಸುವೆವು. ಅವರ ಯಜಮಾನರು ತೀರಿಕೊಂಡ ತರುವಾಯ ಒಂದು ಬ್ಯಾಂಕಿನಲ್ಲಿದ್ದ ಠೇವಣಿಯ ಹಣವನ್ನು ಪಡೆಯಬೇಕಾಗಿದ್ದಿತು. ಖಾತೆಯಲ್ಲಿರುವ ಹೆಸರೇ ಬೇರೆ, ಮರಣಪತ್ರದಲ್ಲಿರುವ ಹೆಸರೇ ಬೇರೆ ಎಂದು ಬ್ಯಾಂಕಿನವರು ಕಾಗದಗಳನ್ನು ಹಿಂದಿರುಗಿಸಿದರು. ಇದ್ದವರೇನೋ ಒಬ್ಬರೇ. ನಮ್ಮಲ್ಲಿ ಬಹುಮಂದಿಗೆ ಇರುವಂತೆ ಅವರಿಗೂ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು, ಇಷ್ಟೇ ಇದ್ದಿತು. ಬ್ಯಾಂಕಿನ ಕಂಪ್ಯೂಟರಿನಲ್ಲಾದರೋ ಹೆಸರಿಗೆ ಎರಡು ಮನೆಗಳು: ಒಂದು ಸ್ವಂತ ಹೆಸರಿಗೆ, ಇನ್ನೊಂದು ಕುಲನಾಮಕ್ಕೆ. ಎರಡನೆಯದನ್ನು ಬರಿದಾಗಿ ಬಿಟ್ಟರೆ ಯಂತ್ರವು ಮುಂದಕ್ಕೆ ಹೋಗದು. ಎಂದೋ ಒಬ್ಬ ಗುಮಾಸ್ತನು ಊರಿನ ಹೆಸರನ್ನು ಬಿಡಿಸಿ ಬರೆದು ಆ ಮನೆಯನ್ನು ತುಂಬಿದ್ದನು. ಅತ್ತೆಯವರು ಏಳು ತಿಂಗಳು ಅಲೆದರು. "ತಪ್ಪು ನಮ್ಮದಲ್ಲಮ್ಮಾ, ಸಿಸ್ಟಮ್ಮಿನದು" ಎಂಬುದೇ ಪ್ರತಿ ಸಲದ ಉತ್ತರ.

ಸಿಸ್ಟಮ್ಮಿನಲ್ಲಿ ಎಲ್ಲಿ? ಇದು ಕುಚೋದ್ಯದ ಪ್ರಶ್ನೆಯಲ್ಲ, ಇದಕ್ಕೆ ಉತ್ತರವುಂಟು.

ಮನೆಯನ್ನು ಕಟ್ಟಿಸುವವರು ನಕ್ಷೆಯನ್ನು ಬರೆಯಿಸುವಂತೆಯೇ ಸಾಫ್ಟ್‌ವೇರ್ ಕಟ್ಟುವವರೂ ಚೌಕಗಳನ್ನೂ ಗೆರೆಗಳನ್ನೂ ಎಳೆದು ಮೊದಲು ಚಿತ್ರವನ್ನು ಬರೆಯುವುದುಂಟು. ಹಿಂದೆ ಒಬ್ಬೊಬ್ಬ ಆಚಾರ್ಯನದು ಒಂದೊಂದು ಬಗೆಯ ಚಿತ್ರವಾಗಿದ್ದಿತು. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವಾರ್ ಜೇಕಬ್‌ಸನ್ ಎಂಬ ಮೂವರು ತಮ್ಮ ತಮ್ಮ ಪದ್ಧತಿಗಳನ್ನು ಕೂಡಿಸಿದರು. ಅದರಿಂದ ಬೆಳೆದ ಯು.ಎಂ.ಎಲ್. ಎಂಬ ಚಿತ್ರಭಾಷೆಯನ್ನು 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆಯು ಅಂಗೀಕರಿಸಿತು. ಈ ಚಿತ್ರಗಳನ್ನು ಬರೆಯುವ ಉಪಕರಣಗಳು ಈಗ ಹಲವಾರಿವೆ. ಅವನ್ನು ಹಿಡಿದ ಹೊಸಬರು ಮುಗ್ಗರಿಸುವುದು ಅಂತಸ್ತುಗಳ ವಿಷಯದಲ್ಲಿ.

ಅಂತಸ್ತುಗಳು ನಾಲ್ಕು, ಸೊನ್ನೆಯಿಂದ ಎಣಿಸುತ್ತಾರೆ. ಸೊನ್ನೆಯ ಅಂತಸ್ತಿನಲ್ಲಿ ನಮ್ಮ ಮಾವನವರ ಆ ಒಂದು ಖಾತೆ ಇದೆ. (ಅಲ್ಲಿರುವುದು ಮಾವನವರೋ, ಅವರ ಬಗೆಗಿನ ದಾಖಲೆಯೋ ಎಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಅತ್ತೆಯವರನ್ನು ಕೇಳಿದ್ದರೆ ಎರಡೂ ಒಂದಲ್ಲವೆಂದು ಖಂಡಿತವಾಗಿ ಹೇಳುತ್ತಿದ್ದರು!) ಒಂದನೆಯದರಲ್ಲಿ 'ಗ್ರಾಹಕ' ಎಂಬ ಚೌಕವಿದೆ, ಗ್ರಾಹಕನಿಗೆ ಹೆಸರಿದೆ, ಕುಲನಾಮವಿದೆ, ಖಾತೆಗಳಿವೆ ಎಂದು ಅದು ಸಾರುತ್ತದೆ. ಎರಡನೆಯದು ಚೌಕವೆಂದರೇನು, ಗುಣವೆಂದರೇನು, ಸಂಬಂಧದ ಗೆರೆಯೆಂದರೇನು ಎಂಬುದನ್ನು ವಿಧಿಸುತ್ತದೆ, ಯು.ಎಂ.ಎಲ್.ನ ವ್ಯಾಕರಣವೇ ಇದು. ಮೂರನೆಯದು ಅಂತಹ ವ್ಯಾಕರಣಗಳನ್ನು ಬರೆಯುವ ಬಗೆಯನ್ನು ಹೇಳುತ್ತದೆ.

ಹಾಗಾದರೆ ಮೂರನೆಯದಕ್ಕೆ ವ್ಯಾಕರಣವೆಲ್ಲಿ? ನಾಲ್ಕನೆಯದು, ಐದನೆಯದು ಎಂದು ಏರುತ್ತಲೇ ಹೋಗಬೇಕೆ? ಬೇಕಿಲ್ಲ. ನಮ್ಮ ಭಾಷೆಯಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಭಟ್ಟಾಕಳಂಕನು 1604ರಲ್ಲಿ ರಚಿಸಿದ ಕರ್ಣಾಟಕ ಶಬ್ದಾನುಶಾಸನವು ಕನ್ನಡದ ವ್ಯಾಕರಣವಾದರೂ ಇರುವುದು ಸಂಸ್ಕೃತದಲ್ಲಿ. ಅದನ್ನು ಅರಿಯಲು ಮತ್ತೊಂದು ಭಾಷೆಯ ಆಸರೆ ಬೇಕು. 13ನೆಯ ಶತಮಾನದ ಕೇಶಿರಾಜನಾದರೋ ಶಬ್ದಮಣಿದರ್ಪಣದಲ್ಲಿ ಕನ್ನಡದ ಲಕ್ಷಣವನ್ನು ಕನ್ನಡದಿಂದಲೇ ಹೇಳಿದನು. ಎರಡನೆಯ ಅಂತಸ್ತು ಭಟ್ಟಾಕಳಂಕನ ಮಾರ್ಗದ್ದು, ಮೂರನೆಯದು ಕೇಶಿರಾಜನ ಮಾರ್ಗದ್ದು. ಅದು ತನ್ನನ್ನು ತನ್ನ ಮಾತಿನಿಂದಲೇ ವರ್ಣಿಸಿಕೊಳ್ಳುತ್ತದೆಯಾದ ಕಾರಣ ಏಣಿಯು ಅಲ್ಲಿಗೆ ನಿಲ್ಲುತ್ತದೆ.

ಅಂತಸ್ತುಗಳನ್ನು ಬೆರಸಿದರೆ ಏನಾಗುವುದು? ಕೊಟ್ಟಿಗೆಯ ಗೌರಿಯು ಹಸು, ಹಸುವು ಪ್ರಾಣಿ, ಆದುದರಿಂದ ಗೌರಿಯು ಪ್ರಾಣಿ. ಇದು ಸರಿ. ಗೌರಿಯು ಹಸು, ಹಸು ಎಂಬುದು ಪ್ರಾಣಿಜಾತಿಗಳಲ್ಲೊಂದು, ಆದುದರಿಂದ ಗೌರಿಯೂ ಪ್ರಾಣಿಜಾತಿಗಳಲ್ಲೊಂದು. ಇದು ನಗೆಗೀಡು. ಮೊದಲನೆಯದರಲ್ಲಿ ಹಸುವಿನಿಂದ ಪ್ರಾಣಿಗೆ ಹೋದದ್ದು ಒಂದೇ ಅಂತಸ್ತಿನೊಳಗೆ; ಎರಡನೆಯದರಲ್ಲಿ ನಮಗೆ ತಿಳಿಯದೆಯೇ ಒಂದು ಮೆಟ್ಟಿಲನ್ನು ಹತ್ತಿದೆವು. ಎರಡಕ್ಕೂ ಒಂದೇ ಬಗೆಯ ಬಾಣವನ್ನು ಬರೆಯುವ ವಿದ್ಯಾರ್ಥಿಯು ಇದೇ ಪ್ರಮಾದವನ್ನು ಮಾಡುತ್ತಾನೆ. ಯು.ಎಂ.ಎಲ್.ನಲ್ಲಿ ಬಿಡಿ ವ್ಯಕ್ತಿಯ ಹೆಸರಿನ ಕೆಳಗೆ ಗೆರೆ ಎಳೆಯುವ ಪದ್ಧತಿಯನ್ನಿಟ್ಟಿರುವುದು ಇಂತಹ ಗೊಂದಲವಾಗದಿರಲೆಂದೇ.

ಇನ್ನೊಂದು ಏಣಿಯೂ ಉಂಟು. ಅದನ್ನು ಇದರೊಡನೆ ಬೆರಸಬಾರದು. ಜಿಲ್ಲೆಯ ಪಟ, ಊರಿನ ಪಟ, ಬೀದಿಯ ಪಟ ಎಂದು ವಿವರವು ಹೆಚ್ಚುತ್ತ ಹೋಗುವ ಏಣಿ ಅದು. ಅದೇ ಸಂಸ್ಥೆಯವರು 2001ರಲ್ಲಿ, ವ್ಯವಹಾರದ ಚಿತ್ರ ಬೇರೆ, ಯಾವ ಯಂತ್ರಕ್ಕೂ ಕಟ್ಟುಬೀಳದ ಚಿತ್ರ ಬೇರೆ, ಇಂತಹದೇ ಯಂತ್ರಕ್ಕೆಂದು ಬರೆದ ಚಿತ್ರ ಬೇರೆ ಎಂದು ವಿಂಗಡಿಸಿದರು. ಈ ಮೂರೂ ಮೇಲೆ ಹೇಳಿದ ಒಂದನೆಯ ಅಂತಸ್ತಿನಲ್ಲಿಯೇ ಇರತಕ್ಕವು.

ಈಗ ಅತ್ತೆಯವರ ಮೊಕದ್ದಮೆಗೆ ಬರೋಣ. ಗುಮಾಸ್ತನು ತಪ್ಪು ಮಾಡಿದ್ದು ಸೊನ್ನೆಯ ಅಂತಸ್ತಿನಲ್ಲಿ. ಪಾಪ, ಅವನಿಗೆ ಬೇರೆ ದಾರಿಯಿರಲಿಲ್ಲ. ಎರಡನೆಯ ಅಂತಸ್ತಿನ ವ್ಯಾಕರಣವೂ ನಿರ್ದೋಷಿ: ಒಂದು ಗುಣವು 'ಸೊನ್ನೆ ಅಥವಾ ಒಂದು' ಇರಬಹುದೆಂದು ಬರೆಯಲು ಯು.ಎಂ.ಎಲ್.ನಲ್ಲಿ ಧಾರಾಳವಾಗಿ ಅವಕಾಶವಿದೆ. ಏನನ್ನೂ ಬರೆಯದಿದ್ದರೆ ಮಾತ್ರ 'ಒಂದು ಇರಲೇಬೇಕು' ಎಂದು ಅರ್ಥ. ಬ್ಯಾಂಕಿನ ಚಿತ್ರವನ್ನು ಆ ಭಾಷೆಯಲ್ಲಿಯೇ ಬರೆದರೆಂದು ಇಟ್ಟುಕೊಂಡರೆ, ಕುಲನಾಮದ ಎದುರಿಗೆ ಒಂದು ಸೊನ್ನೆಯನ್ನು ಬರೆಯಲು ಮರೆತದ್ದರ ಫಲ ಆ ಏಳು ತಿಂಗಳು. ಉಪಕರಣವು ಈ ಮರೆವನ್ನು ಹಿಡಿಯಲಾರದು. ವ್ಯಾಕರಣಕ್ಕೆ ವಿರುದ್ಧವಾದ ಗೆರೆಯನ್ನು ಅದು ತಡೆದೀತು. ಕರ್ಣಾಟಕದಲ್ಲಿ ಕುಲನಾಮವಿಲ್ಲದ ಲಕ್ಷಾಂತರ ಜನರಿದ್ದಾರೆಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ಬರೆಯುವವನೇ ತಿಳಿದಿರಬೇಕು. ಈ ಕಷ್ಟವು ನಮ್ಮ ದೇಶಕ್ಕಷ್ಟೇ ಸೇರಿದ್ದಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ನಮ್ಮವರು ಅಮೆರಿಕಕ್ಕೆ ಹೊರಟರೆ, ಅವರ ವೀಸಾದಲ್ಲಿ ಆ ಹೆಸರು ಕುಲನಾಮದ ಮನೆಗೆ ಹೋಗಿ, ಸ್ವಂತ ಹೆಸರಿನ ಮನೆಯಲ್ಲಿ 'ಹೆಸರು ತಿಳಿಯದು' ಎಂಬರ್ಥದ ಎಫ್.ಎನ್.ಯು. ಎಂಬ ಅಕ್ಷರಗಳು ಕುಳಿತುಕೊಳ್ಳುತ್ತವೆ.

ಅಫಿಡವಿಟ್ಟುಗಳನ್ನು ಸಲ್ಲಿಸಿದ ಮೇಲೆ ಅತ್ತೆಯವರಿಗೆ ಆಷಾಢದಲ್ಲಿ ಹಣ ಬಂದಿತು. ಅದನ್ನು ಇಡಲೆಂದು ಅಲ್ಲಿಯೇ ತೆರೆದ ಹೊಸ ಖಾತೆಯ ಪಾಸ್‌ಬುಕ್ಕನ್ನು ನಮಗೆ ತೋರಿಸಿದರು. ಅವರ ಹೆಸರಿನ ಮುಂದೆ ಕುಲನಾಮವಾಗಿ ಮಾವನವರ ಪೂರ್ವಿಕರ ಊರಿನ ಹೆಸರು ಅಚ್ಚಾಗಿದೆ. ಅತ್ತೆಯವರು ಆ ಊರನ್ನು ಇದುವರೆಗೆ ಕಣ್ಣಿನಿಂದ ಕಂಡವರಲ್ಲ.