ಕಾರವಾರದ ಹಡಗು, ನಕಾಲಾದ ತೊಗರಿ: ಸಾಗರದ ಗೆಳೆತನಕ್ಕೆ ಸಿಂದಗಿಯ ರೈತ ಯಾಕೆ ಬೆಲೆ ತೆರಬೇಕು?

2025ರ ಏಪ್ರಿಲ್ 5ರಂದು ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಎಂಬ ಗಸ್ತು ಹಡಗು ಹೊರಟಿತು. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಬೀಳ್ಕೊಟ್ಟರು. ನಮ್ಮ ನಾವಿಕರ ಜೊತೆ ಒಂಬತ್ತು ಗೆಳೆಯ ದೇಶಗಳ 44 ನೌಕಾ ಸಿಬ್ಬಂದಿಯೂ ಅದರಲ್ಲಿದ್ದರು: ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಸೀಶೆಲ್ಸ್, ಕೊಮೊರೊಸ್, ಮಡಗಾಸ್ಕರ್, ಕೀನ್ಯಾ, ತಾಂಜಾನಿಯಾ ಮತ್ತು ಮೊಜಾಂಬಿಕ್. ಹಡಗು ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಯಿತು, ಅಲ್ಲಿಂದ ಮೊಜಾಂಬಿಕ್‌ನ ನಕಾಲಾ ಬಂದರಿಗೆ. ಟಿವಿಯಲ್ಲಿ ಒಂದು ದಿನದ ಸುದ್ದಿ, ಅಷ್ಟೇ.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಆ ಪಟ್ಟಿಯ ಕೊನೆಯ ಎರಡು ಹೆಸರನ್ನು ಇನ್ನೊಮ್ಮೆ ಓದಬೇಕು. ತಾಂಜಾನಿಯಾ ಮತ್ತು ಮೊಜಾಂಬಿಕ್ ಭಾರತಕ್ಕೆ ತೊಗರಿ ಕಳಿಸುವ ದೇಶಗಳು. ನಕಾಲಾ ಆ ತೊಗರಿ ಹಡಗು ಹತ್ತುವ ಬಂದರು. ನಮ್ಮ ಯುದ್ಧನೌಕೆ ಗೆಳೆತನ ಬೆಳೆಸೋಕೆ ಹೋದ ಜಾಗದಿಂದಲೇ, ನಮ್ಮ ಎರೆ ಹೊಲದ ಬೆಳೆಗೆ ಪೈಪೋಟಿ ಕೊಡುವ ಮಾಲೂ ಬರುತ್ತದೆ.

ಅಲ್ಲಿಗೆ ನಾವು ಯಾಕೆ ಹೋಗ್ತಿದ್ದೇವೆ?

ಉತ್ತರ ಒಂದೇ ಪದದಲ್ಲಿ ಹೇಳೋದಾದರೆ, ಚೀನಾ. 2017ರಲ್ಲಿ ಜಿಬೂಟಿಯಲ್ಲಿ ಚೀನಾ ತನ್ನ ಮೊದಲ ವಿದೇಶಿ ಸೇನಾನೆಲೆ ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷದ ಗುತ್ತಿಗೆಗೆ ಚೀನಾ ಕಂಪನಿಯ ಕೈಗೆ ಹೋಯಿತು. ಪಾಕಿಸ್ತಾನದ ಗ್ವಾದರ್ ಮೊದಲೇ ಇತ್ತು. ಇನ್ನೊಂದು ಕಡೆ ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ನೆಲೆ ಇದೆ.

ಈ ಇಬ್ಬರ ನಡುವೆ ಭಾರತ ತನ್ನದೇ ದಾರಿ ಹುಡುಕುತ್ತಿದೆ. ಕ್ವಾಡ್‌ನಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ಕೂರುತ್ತದೆ, ಆದರೆ ಯಾರ ಸೇನಾ ಮೈತ್ರಿಕೂಟಕ್ಕೂ ಸೇರಿಲ್ಲ. 2023ರ ಕೊನೆಗೆ ಯೆಮನ್‌ನ ಹೂತಿಗಳು ಕೆಂಪು ಸಮುದ್ರದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ ಅಮೆರಿಕ ಒಂದು ನೌಕಾಕೂಟ ಕಟ್ಟಿತು. ಭಾರತ ಅದಕ್ಕೆ ಸೇರದೆ, ತನ್ನ ಯುದ್ಧನೌಕೆಗಳನ್ನು ತಾನೇ ಅರಬ್ಬಿ ಸಮುದ್ರಕ್ಕೆ ಇಳಿಸಿತು. 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತಾ ‘ರುವೆನ್’ ಹಡಗನ್ನು ಸುತ್ತುವರಿದು 35 ಸೊಮಾಲಿ ಕಡಲ್ಗಳ್ಳರನ್ನು ಶರಣಾಗಿಸಿ, 17 ಸಿಬ್ಬಂದಿಯನ್ನು ಬಿಡಿಸಿತು.

ಇದು ಬೇಕಾದ ಕೆಲಸವೇ. ಸಮುದ್ರ ಕೆಟ್ಟರೆ ಮೊದಲ ಪೆಟ್ಟು ಗೊಬ್ಬರದಂಗಡಿ ಮುಂದೆ ಸರದಿಯಲ್ಲಿ ನಿಂತವರಿಗೇ ಬೀಳುತ್ತದೆ. ಡಿಎಪಿಗೆ ನಾವು ಹೆಚ್ಚಾಗಿ ಆಮದನ್ನೇ ನಂಬಿದ್ದೇವೆ. 2021ರಿಂದ ಚೀನಾ ಗೊಬ್ಬರದ ರಫ್ತು ಬಿಗಿ ಮಾಡುತ್ತಾ ಬಂತು. ಕೆಂಪು ಸಮುದ್ರ ಅಪಾಯಕಾರಿ ಆದ ಮೇಲೆ ಮೊರಾಕೊದಿಂದ ಬರುವ ಮಾಲು ಆಫ್ರಿಕಾದ ತುದಿ ಸುತ್ತಿ ಬರಬೇಕಾಯಿತು. ಹಾಗಾಗಿ ‘ನಮಗೂ ಸಮುದ್ರಕ್ಕೂ ಏನು ಸಂಬಂಧ’ ಅನ್ನುವ ಮಾತು ಬಿಡೋಣ. ಈ ರಕ್ಷಣೆಯ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತಿದೆ ಅನ್ನೋದನ್ನು ಕೇಳಬೇಕು.

ತೊಗರಿ ಒಪ್ಪಂದದ ಕತೆ

2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನೆನಪಿರಬಹುದು. ಮರುವರ್ಷ ಜುಲೈನಲ್ಲಿ ಪ್ರಧಾನಿ ಮೋದಿ ಮೊಜಾಂಬಿಕ್‌ಗೆ ಹೋದರು. ಒಂದು ಲಕ್ಷ ಟನ್‌ನಿಂದ ಶುರುವಾಗಿ ವರ್ಷಕ್ಕೆ ಎರಡು ಲಕ್ಷ ಟನ್‌ವರೆಗೆ ತೊಗರಿ ಕೊಳ್ಳುವ ಐದು ವರ್ಷದ ಒಪ್ಪಂದ ಆಯಿತು.

ಆದರೆ ಆ ವರ್ಷ ನಮ್ಮಲ್ಲೇ ಮಳೆ ಕೈ ಹಿಡಿಯಿತು. ದೇಶದ ತೊಗರಿ ಇಳುವರಿ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಯಿತು. ಗಾಬರಿಯಾದ ಸರ್ಕಾರ 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹಾಕಿತು. ಆಗ ಮೊಜಾಂಬಿಕ್‌ನಲ್ಲಿ ಬೆಲೆ ಕುಸಿಯಿತು. ಭಾರತವನ್ನು ನಂಬಿ ಬಿತ್ತಿದ ಅಲ್ಲಿನ ಸಣ್ಣ ರೈತರೂ ಮುಳುಗಿದರು. ಒಂದೇ ನೀತಿ, ಎರಡು ದಂಡೆಯಲ್ಲೂ ನಷ್ಟ.

2021ರಲ್ಲಿ ಬೆಲೆ ಏರಿತು ಅಂತ ಮತ್ತೆ ಉಲ್ಟಾ. ಮೇ ತಿಂಗಳಲ್ಲಿ ಆಮದು ಮುಕ್ತವಾಯಿತು. ಮೊಜಾಂಬಿಕ್ ಒಪ್ಪಂದ ಇನ್ನೈದು ವರ್ಷ ಮುಂದುವರಿಯಿತು. ಮಲಾವಿ ಜೊತೆ 50 ಸಾವಿರ ಟನ್, ಮ್ಯಾನ್ಮಾರ್ ಜೊತೆ ಒಂದು ಲಕ್ಷ ಟನ್‌ಗೆ ಸಹಿ ಬಿತ್ತು. ಸುಂಕವಿಲ್ಲದ ಆಮದಿನ ಅವಧಿಯನ್ನು ಆಮೇಲೆ ಮತ್ತೆ ಮತ್ತೆ ಹಿಗ್ಗಿಸಲಾಯಿತು. 2024-25ರಲ್ಲಿ ಒಳಬಂದ ತೊಗರಿ ಸುಮಾರು 12 ಲಕ್ಷ ಟನ್.

ಇಲ್ಲಿ ಹಂಗಾಮಿನ ಲೆಕ್ಕ ಗಮನಿಸಿ. ಆಫ್ರಿಕಾದ ತೊಗರಿ ಹಡಗು ಹತ್ತುವುದು ಆಗಸ್ಟ್-ಸೆಪ್ಟೆಂಬರ್ ನಂತರ. ನಮ್ಮ ಕಡೆ ಮುಂಗಾರಿನಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಗೆ. ಅಂದರೆ ಸಿಂದಗಿಯ ರೈತ ಚೀಲ ಹೊಲಿಯುವ ಹೊತ್ತಿಗೆ ಮಿಲ್ಲಿನವರ ಗೋದಾಮಿನಲ್ಲಿ ಮಾಲು ಬಂದು ಕೂತಿರುತ್ತದೆ. 2024ರಲ್ಲಿ 10 ಸಾವಿರ ದಾಟಿದ್ದ ಕ್ವಿಂಟಲ್ ಬೆಲೆ, 2025ರ ಶುರುವಿನಲ್ಲಿ ಅನೇಕ ಎಪಿಎಂಸಿಗಳಲ್ಲಿ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ಕಾಲುವೆ ನೀರು ಸಿಕ್ಕವರು ಕಬ್ಬಿಗೋ, ತೋಟ ಇದ್ದವರು ಲಿಂಬೆ-ದ್ರಾಕ್ಷಿಗೋ ಹೋಗಬಹುದು. ಮಳೆ ನಂಬಿದವರಿಗೆ ತೊಗರಿ ಬಿಟ್ಟರೆ ದೊಡ್ಡ ದಾರಿ ಇಲ್ಲ.

ಬೆಲೆ ಇಳಿಕೆಗೆ ಇದೊಂದೇ ಕಾರಣ ಅಲ್ಲ. ನಮ್ಮದೇ ಬೆಳೆ ಚೆನ್ನಾಗಿತ್ತು. 2023ರ ಡಿಸೆಂಬರ್‌ನಿಂದ ಕೆನಡಾ, ರಷ್ಯಾದ ಹಳದಿ ಬಟಾಣಿಯೂ ಸುಂಕವಿಲ್ಲದೆ ಬರುತ್ತಿತ್ತು. ಆದರೆ ಬಟಾಣಿ ಮೇಲೆ 2025ರ ನವೆಂಬರ್ 1ರಿಂದ ಶೇ 30 ಸುಂಕ ಹಾಕಲು ಸರ್ಕಾರಕ್ಕೆ ಸಾಧ್ಯವಾಯಿತು. ತೊಗರಿ ವಿಷಯದಲ್ಲಿ ಕೈ ಕಟ್ಟಿದಂತೆ ಕಾಣುವುದಕ್ಕೆ ನಗರದ ಬೇಳೆ ಬೆಲೆ ಒಂದು ಕಾರಣವಾದರೆ, ಚೀನಾ ಎದುರು ಗಳಿಸಿಕೊಳ್ಳಬೇಕಾದ ಆಫ್ರಿಕಾ ಗೆಳೆತನ ಇನ್ನೊಂದು.

1570ರ ಪಾಠ

ಈ ಬಯಲುಸೀಮೆ ಸಮುದ್ರದ ರಾಜಕೀಯಕ್ಕೆ ಹೊಸದೇನಲ್ಲ. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಪೋರ್ಚುಗೀಸರು ಗೋವಾ ಕಿತ್ತುಕೊಂಡರು. 1565ರಲ್ಲಿ, ಇಂದು ನಾವು ರಕ್ಕಸಗಿ-ತಂಗಡಗಿ ಹೆಸರಲ್ಲಿ ನೆನೆಯುವ ಯುದ್ಧದಲ್ಲಿ, ದಖ್ಖನದ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದರು. ಐದು ವರ್ಷದ ನಂತರ ಇನ್ನೊಂದು ಮೈತ್ರಿ: ಒಂದನೇ ಅಲಿ ಆದಿಲ್ ಶಾ ಗೋವಾಕ್ಕೆ ಮುತ್ತಿಗೆ ಹಾಕಿದ, ಅಹ್ಮದ್‌ನಗರದವರು ಚೌಲ್‌ಗೆ, ಕಲ್ಲಿಕೋಟೆಯ ಸಾಮೂದಿರಿ ಚಾಲಿಯಂಗೆ. ಚಾಲಿಯಂ ಬಿತ್ತು. ಗೋವಾ, ಚೌಲ್ ಬೀಳಲಿಲ್ಲ. ನೆಲದ ಮೇಲೆ ಎಷ್ಟೇ ಸೈನ್ಯ ಇದ್ದರೂ ಕಡಲ ದಾರಿ ಪೋರ್ಚುಗೀಸರ ಕೈಯಲ್ಲೇ ಇತ್ತು. ಅರಬ್ಬಿ ಸಮುದ್ರದಲ್ಲಿ ಹಡಗು ಬಿಡುವವರು ಅವರ ‘ಕಾರ್ಟಾಜ್’ ಪರವಾನಗಿ ಪಡೆಯಬೇಕಿತ್ತು.

ಸಮುದ್ರ ಕಳಕೊಂಡ ರಾಜ್ಯದ ವ್ಯಾಪಾರ ಬೇರೆಯವರ ಮರ್ಜಿಗೆ ಬೀಳುತ್ತದೆ. ಹಾಗಾಗಿ ನೌಕಾಪಡೆ ಬೇಕು, ಕಾರವಾರದ ನೆಲೆ ಬೇಕು, ಆಫ್ರಿಕಾದ ಗೆಳೆತನವೂ ಬೇಕು. ಆದರೆ ಅದು ಇಡೀ ದೇಶಕ್ಕೆ ಸಿಗುವ ಲಾಭ. ಅದರ ಬಿಲ್ಲು ಮಳೆ ನಂಬಿ ಬೇಳೆ ಬೆಳೆಯುವ ಕೆಲವೇ ಜಿಲ್ಲೆಗಳಿಗೆ ಯಾಕೆ ಬರಬೇಕು?

ಏನು ಕೇಳಬೇಕು?

ಮೊಜಾಂಬಿಕ್ ರೈತನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಅವನದ್ದೂ ಎರಡೆಕರೆ ಬದುಕೇ. ಕೇಳಬೇಕಾದ್ದು ದೆಹಲಿಯನ್ನು.

ಮೊದಲನೆಯದು, ಒಪ್ಪಂದದ ತೊಗರಿಯನ್ನು ಸರ್ಕಾರವೇ ಕೊಂಡು ದಾಸ್ತಾನು ಮಾಡಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದು ಪೇಟೆಗೆ ಬಿಡುಗಡೆ ಆಗಬಾರದು. ಗೆಳೆಯ ದೇಶಕ್ಕೆ ಕೊಟ್ಟ ಮಾತು ಉಳಿಯುತ್ತದೆ, ಇಲ್ಲಿನ ಬೆಲೆಯೂ ಉಳಿಯುತ್ತದೆ.

ಎರಡನೆಯದು, ಒಪ್ಪಂದದ ಆಚೆಗಿನ ಖಾಸಗಿ ಆಮದಿಗೆ ಬೆಂಬಲ ಬೆಲೆಯನ್ನೇ ಗಡಿ ಮಾಡಲಿ. ಪೇಟೆ ಬೆಲೆ ಅದಕ್ಕಿಂತ ಕೆಳಗಿಳಿದರೆ ಸುಂಕ ತಾನಾಗೇ ಏರಬೇಕು. 2025-26ರ ಬೆಂಬಲ ಬೆಲೆ 8,000 ರೂಪಾಯಿ. ಈ ನಿಯಮ ಮೊದಲೇ ಗೊತ್ತಿದ್ದರೆ ನಕಾಲಾದ ರೈತನಿಗೂ ಎಷ್ಟು ಬಿತ್ತಬೇಕು ಅನ್ನುವ ಅಂದಾಜು ಸಿಗುತ್ತದೆ.

ಮೂರನೆಯದು ಹೊಸ ಬೇಡಿಕೆಯೇ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ 11,440 ಕೋಟಿ ರೂಪಾಯಿಯ ಬೇಳೆಕಾಳು ಸ್ವಾವಲಂಬನೆ ಯೋಜನೆ ಶುರು ಮಾಡಿತು. ತೊಗರಿ, ಉದ್ದು, ಮಸೂರ್ ಬೆಳೆದು ನೋಂದಾಯಿಸಿದ ರೈತರಿಂದ ನಾಲ್ಕು ವರ್ಷ ಪೂರ್ತಿ ಖರೀದಿ ಅಂತ ಅದರಲ್ಲಿ ಮಾತು ಕೊಟ್ಟಿದೆ. ಆ ಮಾತು ನಿಲ್ಲಬೇಕಾದರೆ ರಾಶಿಗೆ ಮುಂಚೆ ಖರೀದಿ ಕೇಂದ್ರ ತೆರೆಯಬೇಕು. ಸಾಲ ತೀರಿಸೋಕೆ ದಲಾಲಿ ಅಂಗಡಿಗೆ ಮಾರಿಬಿಟ್ಟ ಮೇಲೆ ಕೇಂದ್ರ ತೆರೆದರೆ ಲಾಭ ವ್ಯಾಪಾರಿಗೆ.

ಸಂಸತ್ತಿನಲ್ಲಿ ಹಿಂದೂ ಮಹಾಸಾಗರದ ನೀತಿ ಬಗ್ಗೆ ಮಾತು ಬಂದಾಗ ಕರಾವಳಿಯ ಸಂಸದರು, ರಕ್ಷಣಾ ತಜ್ಞರು ಮಾತಾಡುತ್ತಾರೆ. ವಿಜಯಪುರದ ಸಂಸದರೂ ಎದ್ದು ನಿಲ್ಲಬೇಕು. ಮುಂದಿನ ಸಲ ಅವರು ನಿಮ್ಮೂರಿಗೆ ಬಂದಾಗ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ: ಮೊಜಾಂಬಿಕ್ ಒಪ್ಪಂದ ಮುಂದುವರಿಸುವಾಗ ನಮ್ಮ ತೊಗರಿ ಬಗ್ಗೆ ಯಾರಾದರೂ ಒಂದು ಮಾತು ಆಡಿದರಾ?