ಚೊಂಬು, ಹಿರಿಮಗ ಮತ್ತು ನಮ್ಮ ರಾಯಚೂರು

ಗೆಳೆಯರೇ, 2024ರ ಏಪ್ರಿಲ್ ನೆನಪಿದೆಯಾ? ಲೋಕಸಭೆ ಚುನಾವಣೆಯ ಕಾಲ. ಬೆಳಿಗ್ಗೆ ಪೇಪರ್ ಬಿಚ್ಚಿದರೆ ಕಾಂಗ್ರೆಸ್ಸಿನ ಜಾಹೀರಾತು. ಏನದು? ಒಂದು ಚೊಂಬು! ಕೇಂದ್ರ ಕರ್ನಾಟಕಕ್ಕೆ ಕೊಟ್ಟದ್ದು ಇಷ್ಟೇ ಎಂಬ ಕುಟುಕು. ಬೆನ್ನಿಗೇ ಚಿಕ್ಕಬಳ್ಳಾಪುರದ ಸಭೆಯಲ್ಲಿ ದೇವೇಗೌಡರು, ಆ ಖಾಲಿ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದರು ಎಂದು ತಿರುಗೇಟು ಕೊಟ್ಟರು.

ನಾನು ಯಾವ ಪಕ್ಷದವನೂ ಅಲ್ಲ. ಆ ಚೊಂಬಿನ ಅಭಿಮಾನಿ, ಅಷ್ಟೆ. ಬಾಗಲವಾಡದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ಸಾವಿರಾರು ಕರಪತ್ರ ಅಚ್ಚು ಹಾಕಿದ್ದೇನೆ. ಅವೆಲ್ಲ ಮಾಡದ ಕೆಲಸವನ್ನು ಆ ಒಂದು ಚಿತ್ರ ಮಾಡಿತು. ತೆರಿಗೆ ಪಾಲು ಎಂಬ ಒಣ ಲೆಕ್ಕ ಚಹಾದಂಗಡಿಗೆ ಬಂತು!

ಲೆಕ್ಕವೂ ಸುಳ್ಳಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ನಮಗೆ ಇಟ್ಟಿದ್ದು ನೂರಕ್ಕೆ 4.713. ಅದೇ 15ನೇ ಆಯೋಗ 2021-26ರ ಅವಧಿಗೆ ಅದನ್ನು 3.647ಕ್ಕೆ ಇಳಿಸಿತು. ಉತ್ತರಪ್ರದೇಶಕ್ಕೆ 17.939. ನೂರು ಅಂಕದಲ್ಲಿ ಬಡತನದ ಅಂತರಕ್ಕೆ 45, ತೆರಿಗೆ ವಸೂಲಿಯ ಶ್ರಮಕ್ಕೆ ಬರೀ ಎರಡೂವರೆ!

ಇಲ್ಲಿಂದಲೇ ಇನ್ನೊಂದು ಜೋಕು ಹುಟ್ಟಿತು. ಬೆಂಗಳೂರಿಂದ ಬಂದ ಹುಡುಗರು ಪ್ರೆಸ್ಸಿಗೆ ಕರಪತ್ರ ತಂದರು. ಅದರ ತಲೆಬರಹ: "ಹಿರಿಮಗ ದುಡಿದ, ಕಿರಿಮಗ ತಿಂದ."

"ತಮ್ಮಾ, ಈ ಸಾಲು ತೆಗಿ" ಅಂದೆ.

"ಯಾಕ್ರಿ ಕಾಕಾ, ಸುಳ್ಳೇನು?"

"ದಿಲ್ಲಿ ಮನ್ಯಾಗ ನೀ ಹಿರಿಮಗ, ಖರೆ. ಕರ್ನಾಟಕದ ಮನ್ಯಾಗ ರಾಯಚೂರು ಯಾರು?"

ಹುಡುಗ ಸುಮ್ಮನಾದ.

ನಾವು ತಡವಾಗಿ ಮನೆ ಸೇರಿದ ಕಿರಿಮಗ. 1948ರವರೆಗೆ ನಿಜಾಮನ ಆಳ್ವಿಕೆ, ಉರ್ದು ದರ್ಬಾರು. ಕನ್ನಡದ ಮನೆಗೆ ಬಂದದ್ದು 1956ರಲ್ಲಿ. 2002ರ ನಂಜುಂಡಪ್ಪ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ನಮ್ಮ ದೇವದುರ್ಗವೂ ಒಂದು. ಹೋರಾಡಿ, ಹೋರಾಡಿ 371(ಜೆ) ತಿದ್ದುಪಡಿ ಪಡೆದದ್ದು 2012ರಲ್ಲಿ. ನಾಳೆ ಬೆಂಗಳೂರು ಅದೇ ಕರಪತ್ರ ಹಿಡಿದು, "ತೆರಿಗೆ ನಮ್ಮದು, ರಾಯಚೂರಿಗೆ ಯಾಕೆ?" ಅಂದರೆ ಯಾವ ಬಾಯಿಂದ ಉತ್ತರ ಕೊಡುವುದು?

ಇನ್ನು ಕಿರಿಮಗ ಕೂತು ತಿಂದನೇ? ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದೇವೆ, 1720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಅದು. ಬೂದಿ ನಮಗೆ, ಬೆಳಕು ರಾಜ್ಯಕ್ಕೆಲ್ಲ. ಹಟ್ಟಿಯ ಬಂಗಾರ, ಸಿಂಧನೂರು-ಮಾನ್ವಿಯ ಭತ್ತ ಎಲ್ಲಿಗೆ ಹೋಗುತ್ತವೆ? ಕಂಪನಿಯ ಹೆಡ್ಡಾಫೀಸು ಎಲ್ಲಿದೆಯೋ ಅಲ್ಲಿ ಆದಾಯ ತೆರಿಗೆ ಲೆಕ್ಕಕ್ಕೆ ಸಿಗುತ್ತದೆ. ಬೆವರು ಬಿದ್ದ ಊರಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಬಿಹಾರದಿಂದ ಬಂದು ಬೆಂಗಳೂರಿನ ಕಟ್ಟಡಕ್ಕೆ ಇಟ್ಟಿಗೆ ಹೊರುವ ಬಡವನ ಕಥೆಯೂ ಇದೇ.

ಹಾಗಾದರೆ ಕುಟುಕುವುದು ಯಾರನ್ನು? ಅಪ್ಪನನ್ನು! ಸೆಸ್ಸು, ಸರ್‌ಚಾರ್ಜು ಎಂಬ ಬೇರೆ ಪೆಟ್ಟಿಗೆ ಇದೆ ನೋಡಿ, ಅದರ ದುಡ್ಡು ಹಂಚುವ ಬುಟ್ಟಿಗೆ ಬೀಳುವುದೇ ಇಲ್ಲ. ಹಿರಿಮಗನಿಗೂ ಇಲ್ಲ, ಕಿರಿಮಗನಿಗೂ ಇಲ್ಲ, ಸೀದಾ ದಿಲ್ಲಿಯ ತಿಜೋರಿಗೆ. ಅಣ್ಣತಮ್ಮಂದಿರು ಅನ್ನದ ತಾಟಿಗೆ ಜಗಳಾಡುವಾಗ ಅಪ್ಪ ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ಇದಕ್ಕಿಂತ ದೊಡ್ಡ ಜೋಕು ಬೇಕೇ?

ಕನ್ನಡದ ಪಾಲು ಕೇಳೋಣ, ಗಂಟಲು ಹರಿಯುವ ಹಾಗೆ ಕೇಳೋಣ. ಆದರೆ ದಿಲ್ಲಿಯಲ್ಲಿ ಕೇಳುವ ನ್ಯಾಯವನ್ನು ಬೆಂಗಳೂರು ರಾಯಚೂರಿಗೂ ಕೊಡಬೇಕು. ಇಲ್ಲವಾದರೆ ಚೊಂಬು ಕೈ ಬದಲಾಯಿಸುತ್ತದೆ, ಅಷ್ಟೆ.

ಅಂದಹಾಗೆ, ಆ ಹುಡುಗರು ತಲೆಬರಹ ಬದಲಿಸಿದರು: "ಪೆಟ್ಟಿಗೆ ತೆಗಿ, ಅಪ್ಪಾ!" ಕರಪತ್ರ ಅಚ್ಚಾಯಿತು.

ಸಿರಿಗನ್ನಡಂ ಗೆಲ್ಗೆ!